ಗುರಿ ಐದು, ಕಡ್ಡಿ ಎರಡು

ಗ್ರೂಪಿಗೆ ಮೆಸೇಜ್ ಬಂದಿದ್ದು ಬೆಳಗ್ಗೆ ಹತ್ತಕ್ಕೆ. ನನ್ನ ಫೋನಿಗೆ ಅದು ತಲುಪಿದ್ದು ಸಂಜೆ ನಾಲ್ಕೂ ಕಾಲಿಗೆ, ಶಾಲೆಯ ಗೇಟಿನ ಹತ್ತಿರ ಕೊಡೆ ಬಿಚ್ಚುತ್ತಾ ನಿಂತಾಗ. 'ಎಲ್ಲಾ ಶಿಕ್ಷಕರು ತರಗತಿಯಲ್ಲಿ ತಂತ್ರಜ್ಞಾನ ಬಳಸುವ ಕುರಿತು ಈ ಸಾಲಿನ ತಮ್ಮ ಐದು ಗುರಿಗಳನ್ನು ಇಂದು ಸಂಜೆ 5 ಗಂಟೆಯೊಳಗೆ ಲಿಂಕಿನಲ್ಲಿ ಕಡ್ಡಾಯವಾಗಿ ತುಂಬುವುದು. ಅತಿ ಜರೂರು.' ಕೆಳಗೆ ಸಾಲಾಗಿ 'ಓಕೆ ಸರ್', 'ಸರಿ ಸರ್', ಕೈ ಮುಗಿದ ಚಿತ್ರಗಳು. ಗಡಿಬಿಡಿಯಲ್ಲಿ ಯಾರೋ ಹುಟ್ಟುಹಬ್ಬದ ಶುಭಾಶಯವನ್ನೂ ಹಾಕಿದ್ದರು.

ಹತ್ತರಿಂದ ನಾಲ್ಕರವರೆಗೆ ನಾನು ಏನು ಮಾಡ್ತಿದ್ದೆ ಅಂತೀರಾ? ಪಾಠ. ನಮ್ಮ ಕೊಡಗಿನ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ ಗೊತ್ತಲ್ಲ, ತಗಡಿನ ಮೇಲೆ ಬಿದ್ದರೆ ಮುಂದಿನ ಬೆಂಚಿಗೆ ಹೇಳಿದ್ದು ಎರಡನೇ ಬೆಂಚಿಗೆ ಕೇಳಲ್ಲ. ಭಾಗಮಂಡಲದ ಕಡೆ ಕೆಲಸ ಮಾಡಿದ ಯಾವ ಟೀಚರಿನ ಗಂಟಲನ್ನು ಬೇಕಾದರೂ ಕೇಳಿ ನೋಡಿ. ಕರೆಂಟ್ ಹೋಗಿ ಮೂರನೇ ದಿನ. ಲೈನ್‌ಮನ್ ಅಣ್ಣ ದಾರಿಯಲ್ಲಿ ಸಿಕ್ಕಾಗ ವಿಚಾರಿಸಿದೆ. "ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದಿದೆ ಟೀಚರೇ. ಮರ ತೆಗೆದ್ರೆ ಕರೆಂಟು. ಆನೆ ಹೋದ್ರೆ ಮರ ತೆಗೀತೇವೆ" ಅಂದರು. ಆನೆ ಯಾವಾಗ ಹೋಗುತ್ತದೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗುರಿ ಹೇಗಿರಬೇಕು ಅನ್ನುವುದಕ್ಕೂ ನಮಗೆ ಟ್ರೈನಿಂಗ್ ಆಗಿದೆ. ಸ್ಪಷ್ಟವಾಗಿರಬೇಕು, ಅಳೆಯಲು ಬರಬೇಕು, ಸಾಧಿಸಲು ಆಗಬೇಕು, ಕೆಲಸಕ್ಕೆ ಸಂಬಂಧಪಟ್ಟಿರಬೇಕು, ಕಾಲಮಿತಿ ಇರಬೇಕು. ಇಂಗ್ಲಿಷಿನಲ್ಲಿ ಈ ಐದರ ಮೊದಲ ಅಕ್ಷರ ಸೇರಿದರೆ 'ಸ್ಮಾರ್ಟ್' ಗುರಿ. ಇದರ ಮೂಲ ರೂಪ 1981ರಲ್ಲಿ ಜಾರ್ಜ್ ಡೋರನ್ ಎಂಬ ಅಮೆರಿಕದವರು ಕಂಪನಿ ಮ್ಯಾನೇಜರುಗಳಿಗಾಗಿ ಒಂದು ಪತ್ರಿಕೆಯಲ್ಲಿ ಬರೆದದ್ದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಪುಣ್ಯಾತ್ಮ ಆಷಾಢದಲ್ಲಿ ನಮ್ಮ ಕಡೆ ಬಂದಿದ್ದರೆ ಮೂರನೇ ಅಕ್ಷರಕ್ಕೇ ಪೆನ್ನು ಕೆಳಗಿಡುತ್ತಿದ್ದರು. ಅಳೆಯುವುದು ಅಂದರೆ ಕೊಡಗಿನಲ್ಲಿ ನಾವು ಅಳೆಯುವುದು ಮಳೆಯನ್ನು. ಅದೂ ಮಿಲಿಮೀಟರಿನಲ್ಲಲ್ಲ, ಇಂಚು ಮತ್ತು ಸೆಂಟಿನಲ್ಲಿ. 'ನಿಮ್ಮಲ್ಲಿ ಎಷ್ಟು?' 'ಐದು ಇಂಚು ಇಪ್ಪತ್ತು ಸೆಂಟು.' ಇಷ್ಟು ಖಚಿತವಾದ ಲೆಕ್ಕ ಬೇರೆ ಯಾವ ವಿಷಯದಲ್ಲೂ ನಮ್ಮಲ್ಲಿಲ್ಲ.

ಹಾಗಂತ ನಮ್ಮ ಶಾಲೆಯಲ್ಲಿ ತಂತ್ರಜ್ಞಾನ ಇಲ್ಲ ಅಂದುಕೊಳ್ಳಬೇಡಿ. ಹಳೇ ವಿದ್ಯಾರ್ಥಿಯೊಬ್ಬರು ಕೊಟ್ಟ ದೊಡ್ಡ ಟಿವಿ ಗೋಡೆಯ ಮೇಲಿದೆ. ಥಂಡಿ ಹತ್ತದಿರಲಿ ಅಂತ ಅಡುಗೆಯಕ್ಕ ಹೊಲಿದುಕೊಟ್ಟ ಹೂವಿನ ಕವರ್ ಅದಕ್ಕಿದೆ. ಯುಪಿಎಸ್ ಇದೆ. ಅದರ ಬ್ಯಾಟರಿ ಒಮ್ಮೆ ಕೀಂ ಅಂದು ಸುಮ್ಮನಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ. 2017ರಲ್ಲಿ ಬಂದ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಒಳ್ಳೊಳ್ಳೆಯ ಪಾಠಗಳೂ ಇವೆ. ಆದರೆ ತೋಟದ ಕೆಲಸದವರ ಲೈನ್‌ಮನೆಯ ಮಗುವಿನ ಮನೆಯಲ್ಲಿ ಇರುವುದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿ, ಕತ್ತಲಾದ ಮೇಲೆ ಡೇಟಾ ಖಾಲಿ ಮಾಡಿಕೊಂಡು ವಾಪಸ್ ಬರುತ್ತದೆ. 2021ರಲ್ಲಿ ನಮ್ಮ ಜಿಲ್ಲೆಯ ಮೇಷ್ಟ್ರೊಬ್ಬರು ಆನ್‌ಲೈನ್ ಪಾಠ ಮಾಡಲು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡಿದ್ದರು. ಪೇಪರಿನಲ್ಲೆಲ್ಲ ಬಂತು. ಮರ ಹತ್ತುವ ಗುರಿಯನ್ನು ಅವರಿಗೆ ಯಾವ ಲಿಂಕಿನಲ್ಲಿ ಯಾರು ಕೊಟ್ಟಿದ್ದರೋ!

ಇನ್ನು ನಮ್ಮ ಎಚ್.ಎಂ. ಮೇಡಂ ವಿಷಯಕ್ಕೆ ಬರಬೇಕು. ಬಂಗಾರದಂಥ ಮನುಷ್ಯಳು. ಮಕ್ಕಳ ಕಾಲಿಗೆ ಜಿಗಣೆ ಹತ್ತಿದರೆ ತಾವೇ ಕೂತು ಉಪ್ಪು ಹಾಕಿ ಬಿಡಿಸುತ್ತಾರೆ. ಆದರೆ ಬಿಡಿಸುವ ಮೊದಲು ಒಂದು ಫೋಟೋ, ಬಿಡಿಸಿದ ಮೇಲೆ ಒಂದು ಫೋಟೋ. "ಫೋಟೋ ಇಲ್ಲದಿದ್ರೆ ಆಗೇ ಇಲ್ಲ ಅಂತ ಅರ್ಥ ಟೀಚರ್" ಅನ್ನುವುದು ಅವರ ಜೀವನದ ಅನುಭವ. ಹಾಲು ಕುಡಿಯುವ ಫೋಟೋ, ಮೊಟ್ಟೆ ಸುಲಿಯುವ ಫೋಟೋ, ಕೈ ತೊಳೆಯುವ ಫೋಟೋ. ಪರಿಸರ ದಿನಕ್ಕೆ ನೆಡುವ ಗಿಡದ ಫೋಟೋವೂ ಉಂಟು. ಗುಂಡಿ ಪ್ರತಿ ವರ್ಷ ಅದೇ. ಬರೀ ಫೋಟೋ ಆದರೆ ಸಾಲದು, ದಿನಾಂಕ, ಸಮಯ, ಊರು ಎಲ್ಲ ಅಚ್ಚಾಗಿ ಬರುವ ಜಿಪಿಎಸ್ ಫೋಟೋನೇ ಆಗಬೇಕು. ಊಟಕ್ಕೆ ಕೂತ ಮಕ್ಕಳು ಮೇಡಂ ಕೈಯಲ್ಲಿ ಫೋನ್ ಕಂಡರೆ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಕಾಯುತ್ತವೆ, ಪಾಪ.

ಹೋದ ಶುಕ್ರವಾರ 'ಸ್ಮಾರ್ಟ್ ಟಿವಿ ಬಳಸುತ್ತಿರುವ ಫೋಟೋ ತಕ್ಷಣ ಹಾಕಿ' ಅಂತ ಆದೇಶ ಬಂತು. ಕರೆಂಟ್ ಇಲ್ಲ ಮೇಡಂ ಅಂದೆ. "ಫೋಟೋಗೆ ಕರೆಂಟ್ ಯಾಕೆ? ಫೋನಲ್ಲಿ ಚಾರ್ಜ್ ಇದೆ" ಅಂದರು. ಹೂವಿನ ಕವರ್ ತೆಗೆದೆವು. ಮಕ್ಕಳನ್ನು ಕಪ್ಪು ಪರದೆಯ ಮುಂದೆ ಸಾಲಾಗಿ ಕೂರಿಸಿದೆವು. "ಎಲ್ಲಾ ಟಿವಿ ನೋಡಿ. ನಗಬೇಡಿ. ಕಲೀತಾ ಇರೋ ಹಾಗೆ ನೋಡಿ!" ಒಬ್ಬ ಕೈಯೆತ್ತಿ, "ಏನು ನೋಡಬೇಕು ಮಿಸ್?" ಅಂದ. ನ್ಯಾಯವಾದ ಪ್ರಶ್ನೆ. ಮುಂದೆ ಕೂತಿದ್ದ ಹುಡುಗಿಗೆ ಮಾತ್ರ ಆ ಸಂಶಯ ಬರಲಿಲ್ಲ. ಪರದೆಯಲ್ಲಿ ತನ್ನ ಮುಖ ಕಂಡದ್ದೇ ರಿಬ್ಬನ್ ಬಿಚ್ಚಿ, ಜಡೆ ಸರಿ ಮಾಡಿ, ಮತ್ತೆ ಕಟ್ಟಿಕೊಂಡಳು. ನಮ್ಮ ಟಿವಿ ಈ ಮಳೆಗಾಲದಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬಂತು.

ಮೇಡಂ ಗೇಟಿನವರೆಗೆ ಕೊಡೆ ಹಿಡಿದು ಹೋಗಿ ಫೋಟೋ ಕಳಿಸಿ ಬಂದರು. ಅಲ್ಲಿ ಮಾತ್ರ ನೆಟ್‌ವರ್ಕಿನ ಎರಡು ಕಡ್ಡಿ ಸಿಗುತ್ತದೆ. ಐದು ನಿಮಿಷಕ್ಕೆ ಉತ್ತರ: 'ಪರದೆ ಮೇಲೆ ಪಾಠ ಕಾಣುತ್ತಿಲ್ಲ. ಇನ್ನೊಂದು ಹಾಕಿ.' ನಾನು ಸುಮ್ನೆ ನಿಂತೆ. ಮೇಡಂ ನಿಲ್ಲುವವರಲ್ಲ. ಆಫೀಸು ರೂಮಿನ ಬೀರುವಿನ ಹಿಂದೆ ಕೈ ಹಾಕಿ ಹಳೇ ಕಾಲದ ಚಾರ್ಟ್ ಎಳೆದರು. ಮನುಷ್ಯನ ಹೃದಯ. ಅಂಚಿನಲ್ಲಿ ಒಂದಿಷ್ಟನ್ನು ಇಲಿ ತಿಂದಿತ್ತು, ಎಡ ಹೃತ್ಕರ್ಣದಲ್ಲಿ ಬೂಷ್ಟು. ಅದನ್ನು ಅಳತೆಗೆ ಮಡಚಿ, ಟಿವಿಯ ಮೇಲೆ ನಾಲ್ಕೂ ಕಡೆ ಸೆಲ್ಲೋಟೇಪ್ ಹಾಕಿ ಅಂಟಿಸಿದರು. ನನ್ನ ಕೈಗೆ ಕೋಲು ಕೊಟ್ಟರು. "ತೋರಿಸಿ ಟೀಚರ್, ಸ್ವಲ್ಪ ಬಗ್ಗಿ, ಟೇಪು ಕಾಣ್ತಾ ಉಂಟು." ಮಳೆಯ ಮಬ್ಬು ಬೆಳಕಿನಲ್ಲಿ ಆ ಹೃದಯ ನಿಜಕ್ಕೂ ಪರದೆಯ ಮೇಲೆ ಬಂದ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಮೇಲಿನಿಂದ ಬಂದ ಉತ್ತರ: 'ಉತ್ತಮ ಪ್ರಯತ್ನ. ಇತರ ಶಾಲೆಗಳಿಗೂ ಮಾದರಿ.'

ಫೋಟೋದ ಕೆಳಗೆ ಅಚ್ಚಾಗಿದ್ದ ಜಾಗವನ್ನು ಯಾರೂ ಓದಲಿಲ್ಲ ಅಂತ ಕಾಣುತ್ತದೆ. ನೆಟ್ ಸಿಗದಿದ್ದಾಗ ಮೇಡಂ ಫೋನು ಕೊನೆಗೆ ಸಿಕ್ಕ ಊರನ್ನೇ ಹಿಡಿದುಕೊಂಡು ಕೂರುತ್ತದೆ. ಬೆಳಗ್ಗೆ ಬರುವಾಗ ಅವರು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಣಮೀನು ತಗೊಂಡಿದ್ದರು. ಹಾಗಾಗಿ ದಾಖಲೆಯ ಪ್ರಕಾರ ನಮ್ಮ ಏಳನೇ ಕ್ಲಾಸು ಹೃದಯದ ಪಾಠ ಕೇಳಿದ್ದು ಮಡಿಕೇರಿ ಮಾರ್ಕೆಟ್ಟಿನಲ್ಲಿ.

ಆ ಟಿವಿ ಸರಿಯಾಗಿ ಕೆಲಸ ಮಾಡಿದ ದಿನವೂ ಇದೆ, ಅದನ್ನೂ ಹೇಳಬೇಕು. ಕಾಫಿ ಕೊಯ್ಲಿನ ಸಮಯ, ಬಿಸಿಲಿತ್ತು, ಕರೆಂಟಿತ್ತು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಹುಡುಗನೊಬ್ಬ ಹೊಸದಾಗಿ ಸೇರಿದ್ದ. ಕಾವೇರಿ ನದಿಯ ಪಾಠ ಮಾಡುವಾಗ ಹರಕು ಕನ್ನಡದಲ್ಲಿ, "ಇದು ಚಿಕ್ಕ ನದಿ ಮಿಸ್. ನಮ್ಮೂರಲ್ಲಿ ಆಚೆ ದಡ ಕಾಣಲ್ಲ" ಅಂದುಬಿಟ್ಟ. ಕ್ಲಾಸಿಗೆ ಬೆಂಕಿ ಬಿತ್ತು. ಕಾವೇರಮ್ಮನಿಗೆ ಚಿಕ್ಕ ನದಿ ಅಂದರೆ ನಮ್ಮ ಮಕ್ಕಳು ಬಿಡ್ತಾರಾ? ಮಳೆಗಾಲದಲ್ಲಿ ಭಾಗಮಂಡಲದ ಸಂಗಮ ತುಂಬಿ ನಾಪೋಕ್ಲು ರಸ್ತೆಗೆ ನೀರು ಬರುವುದನ್ನು ಕಂಡವರು ಅವರು. ವಾರದ ಕೊನೆಗೆ ಕುಶಾಲನಗರಕ್ಕೆ ಹೋದಾಗ ಬ್ರಹ್ಮಪುತ್ರದ ಉಪಗ್ರಹ ಚಿತ್ರ, ವೀಡಿಯೊ ಎಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ಕೆಲವು ಕಡೆ 10 ಕಿಲೋಮೀಟರಿಗಿಂತಲೂ ಜಾಸ್ತಿ ಅಗಲ. ನದಿಯ ನಡುವೆ ಮಜುಲಿ ಅಂತ ದ್ವೀಪ, ಅದೇ ಒಂದು ಜಿಲ್ಲೆ. ಅವನು ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟು, ಇಲ್ಲಿ ದೋಣಿ ನಿಲ್ಲುತ್ತೆ, ಇಲ್ಲಿ ನಮ್ಮಜ್ಜಿ, ಅಂತ ತೋರಿಸಿದ. ಕ್ಲಾಸು ತುಂಬಾ ಹೊತ್ತು ಯೋಚಿಸಿತು. ಆಮೇಲೆ ನಮ್ಮ ಕಡೆಯ ಒಬ್ಬ, "ದೊಡ್ಡದೇ ಬಿಡಿ ಮಿಸ್. ಆದ್ರೆ ನೀರು ಕೆಂಪು" ಅಂತ ಮಾನ ಉಳಿಸಿದ.

ಅವತ್ತು ಫೋಟೋ ತೆಗೆಯುವುದು ಮೇಡಂಗೂ ಮರೆತುಹೋಗಿತ್ತು. ಅವರೂ ಹಿಂದಿನ ಬೆಂಚಿನಲ್ಲಿ ಕೂತು ನೋಡ್ತಾ ಇದ್ದರು. ಕೊಯ್ಲು ಮುಗಿದ ಮೇಲೆ ಆ ಹುಡುಗನ ಅಪ್ಪ ಬೇರೆ ಯಾವುದೋ ತೋಟಕ್ಕೆ ಹೋದರು, ಟಿಸಿ ಕೇಳಲೂ ಬರಲಿಲ್ಲ. ಕಂಪ್ಯೂಟರಿನ ದಾಖಲೆಯಲ್ಲಿ ಅವನ ಹೆಸರು ಇನ್ನೂ ನಮ್ಮ ಶಾಲೆಯಲ್ಲೇ ಇದೆ. ತೆಗೆಯಲು ನನಗೂ ಅವಸರ ಇಲ್ಲ.

ಅದೇ ಧೈರ್ಯದ ಮೇಲೆ ಇವತ್ತಿನ ಲಿಂಕಿನ ಫಾರ್ಮಿನಲ್ಲಿ ಒಂದು ಗುರಿ ಬರೆದೆ: 'ಕರೆಂಟ್ ಇರುವ ದಿನ, ಮೊದಲೇ ಇಳಿಸಿಟ್ಟುಕೊಂಡ ಹತ್ತು ನಿಮಿಷದ ವೀಡಿಯೊ ತೋರಿಸಿ, ಮಕ್ಕಳ ಜೊತೆ ಜಗಳವಾಡುವುದು.' ಫಾರ್ಮ್ ಒಪ್ಪಲಿಲ್ಲ. ಐದೂ ಖಾನೆ ತುಂಬಲೇಬೇಕಂತೆ. ಗಂಟೆ ನಾಲ್ಕೂ ಐವತ್ತು, ಕೊಡೆಯ ತುದಿಯಿಂದ ನೀರು ಫೋನಿನ ಮೇಲೆ ತೊಟ್ಟಿಕ್ಕುತ್ತಿದೆ. ಹಿಂದೆ ಬಂದು ನಿಂತ ಮೇಡಂ, "ಯೋಚನೆ ಎಲ್ಲ ಯಾಕೆ ಟೀಚರ್, ಬೇರೆ ಗ್ರೂಪಿಂದ ಒಂದು ಬಂದಿದೆ, ಹಾಕಿ" ಅಂತ ಫಾರ್ವರ್ಡ್ ಮಾಡಿದರು. ಅಚ್ಚುಕಟ್ಟಾದ ಐದು ಗುರಿಗಳು, ಒಂದಕ್ಕಿಂತ ಒಂದು ಸ್ಮಾರ್ಟ್. ಎತ್ತಿ ಅಂಟಿಸಿದೆ. ನಾಲ್ಕನೆಯದು ಹೀಗಿತ್ತು: 'ನಮ್ಮ ಶಾಲೆಯ ಮೀನುಗಾರ ಕುಟುಂಬಗಳ ಮಕ್ಕಳಿಗೆ ಕಡಲಿನ ಹವಾಮಾನ ತಿಳಿಸುವ ಆ್ಯಪ್ ಪರಿಚಯಿಸುವುದು.' ಯಾವ ಕರಾವಳಿಯಿಂದ ಹತ್ತಿ ಬಂದಿತ್ತೋ.

ಅಳಿಸಲು ಬೆರಳು ಹೋಯಿತು. ಆಮೇಲೆ ಹಾಗೇ ಬಿಟ್ಟು ಸಲ್ಲಿಸಿದೆ. ಹೋದ ಶುಕ್ರವಾರದ ಫೋಟೋ ಪ್ರಕಾರ ನಮ್ಮ ಶಾಲೆ ಇರುವುದು ಮೀನಂಗಡಿಯ ಹತ್ತಿರವೇ ಅಲ್ವಾ?