ಆ ಸ್ಕ್ರ್ಯಾಚ್ ಸದ್ದು ಟರ್ನ್‌ಟೇಬಲ್ಲಿನದಲ್ಲ

ಅಮೆರಿಕದ ರಾಕ್ ಬ್ಯಾಂಡ್ ರೇಜ್ ಅಗೇನ್ಸ್ಟ್ ದ ಮಷೀನ್ ಲೈವ್ ಶೋಗಳಲ್ಲಿ ಕೇಳುವ ಸ್ಕ್ರ್ಯಾಚ್ (ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಆಡಿಸಿದಾಗ ಬರುವಂಥ ಸದ್ದು) ಡಿಜೆಯದ್ದು ಎಂದು ನಿಮ್ಮ ಲೇಖನದಲ್ಲಿದೆ. ಅದು ತಪ್ಪು. ಬ್ಯಾಂಡಿನಲ್ಲಿ ಡಿಜೆಯೇ ಇರಲಿಲ್ಲ. 1992ರ ಮೊದಲ ಆಲ್ಬಮ್ಮಿನಲ್ಲೇ ಸ್ಯಾಂಪಲ್, ಕೀಬೋರ್ಡ್, ಸಿಂಥಸೈಜರ್ ಬಳಸಿಲ್ಲವೆಂದು ಅಚ್ಚು ಹಾಕಿಸಿದ್ದರು. ಆ ಸ್ಕ್ರ್ಯಾಚ್ ಬ್ಯಾಂಡಿನ ಗಿಟಾರ್ ವಾದಕ ಟಾಮ್ ಮೊರೆಲೊ ಗಿಟಾರಿನ ಸದ್ದು. ಎರಡು ಪಿಕಪ್‌ಗೂ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಬೇರೆ ಬೇರೆ ವಾಲ್ಯೂಮ್ ಇರುವ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಳ್ಳಿ. ಒಂದನ್ನು 0ಗೆ, ಇನ್ನೊಂದನ್ನು 10ಕ್ಕೆ ಇಡಿ. ಆಂಪ್ಲಿಫೈಯರಿನ ಗೇನ್ (ಸದ್ದಿಗೆ ಒರಟುತನ ತರುವ ನಾಬ್) ಜಾಸ್ತಿ ಮಾಡಿ, ಪಿಕಪ್ ಮೇಲೆ ತಂತಿಗಳನ್ನು ಒಂದು ಕೈಯಿಂದ ಉಜ್ಜುತ್ತಾ ಇನ್ನೊಂದರಿಂದ ಪಿಕಪ್ ಬದಲಿಸುವ ಟಾಗಲ್ ಸ್ವಿಚ್ಚನ್ನು ತಾಳಕ್ಕೆ ಸರಿಯಾಗಿ ಆಡಿಸಿ. ಒಂದೇ ಮಾಸ್ಟರ್ ವಾಲ್ಯೂಮ್ ಇರುವ ಗಿಟಾರಿನಲ್ಲಿ ಇದು ಆಗುವುದಿಲ್ಲ, ಏಕೆಂದರೆ ಸ್ವಿಚ್ ಎಲ್ಲಿಟ್ಟರೂ ಸದ್ದು ನಿಲ್ಲದು. ಇದರ ಜೊತೆಗೆ ಹಳೆಯ ವ್ಯಾಮಿ ಪೆಡಲ್ (ಕಾಲಿನಿಂದ ಒತ್ತಿ ಸ್ವರವನ್ನು ಏರಿಳಿಸುವ ಸಾಧನ) ಇದ್ದರೆ ಒಂದೊಂದೇ ಸ್ವರ ನುಡಿಸಿ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದರೆ ಪೆಡಲ್ಲಿಗೆ ಪಿಚ್ ಗುರುತಿಸಲಾಗದೆ ಗೊಜಗೊಜ ಅನ್ನುತ್ತದೆ.

ಇನ್ನೊಂದು ಮಾತು. 2022ರ ಜುಲೈನಲ್ಲಿ ಶಿಕಾಗೋದಲ್ಲಿ ಬ್ಯಾಂಡಿನ ಗಾಯಕ ಝ್ಯಾಕ್ ಡೆ ಲಾ ರೋಚಾ ಕಾಲಿಗೆ ಪೆಟ್ಟಾದ ಮೇಲೆ ಶೋಗಳು ಸಪ್ಪೆಯಾದವು ಎಂದೂ ಬರೆದಿದ್ದೀರಿ. ಒಪ್ಪಲಾರೆ. ಅವರು ಕೂತೇ ಹಾಡಿ, ಆಗಸ್ಟಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ 5 ಶೋಗಳನ್ನೂ ಮುಗಿಸಿದರು. ಆ ಶೋಗಳ ವಿಡಿಯೊಗಳಲ್ಲಿ ದನಿ ಒಂದಿಷ್ಟೂ ಸೊರಗಿಲ್ಲ.