ದಂಡದ ಮೊತ್ತ ತಲೆಬರಹದಲ್ಲಿ, ಆದೇಶ ಮೂಲೆಯಲ್ಲಿ

ಕಳೆದ ವಾರ ಸಾಗರದ ಮನೆಗೆ ಹೋದಾಗ ಅಪ್ಪಯ್ಯ ತಮ್ಮ ಫೋನ್ ನನ್ನ ಕೈಗಿಟ್ಟರು. "ಜಾಗ ಇಲ್ಲ ಅಂತ ಬರ್ತದೆ ಕಣೋ, ನಾ ಮುಟ್ಟದೇ ಇರೋದನ್ನೆಲ್ಲ ತೆಗೆದುಹಾಕು." ಒಂದು ಆಪ್ ಒತ್ತಿ ಹಿಡಿದೆ. ಡಿಸೇಬಲ್ ಅಂತ ಬಂತು, ಅನ್‌ಇನ್‌ಸ್ಟಾಲ್ ಬರಲಿಲ್ಲ. ಯಾರ ಆಪ್ ಎನ್ನುವುದು ಇಲ್ಲಿ ಬೇಡ, ಫೋನಿನ ಜೊತೆಗೇ ಬಂದದ್ದು. "ದುಡ್ಡು ಕೊಟ್ಟವನು ನಾನು, ನಾ ಬೇಡ ಅಂದ್ರೂ ಹೋಗಲ್ವಾ?" ಎಂದರು.

ಅಪ್ಪಯ್ಯನ ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ಉತ್ತರ ಬಂದಿತ್ತು. 2022ರ ಅಕ್ಟೋಬರ್ 20ರಂದು ಮಾರುಕಟ್ಟೆಯಲ್ಲಿ ಪೈಪೋಟಿ ಕಾಯುವ ಭಾರತೀಯ ಸ್ಪರ್ಧಾ ಆಯೋಗ, ಫೋನ್ ನಡೆಸುವ ತಂತ್ರಾಂಶವಾದ ಆಂಡ್ರಾಯ್ಡ್‌ನ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೊದಲೇ ತುಂಬಿಸಿಟ್ಟ ತನ್ನ ಆಪ್‌ಗಳನ್ನು ಬಳಕೆದಾರರು ತೆಗೆದುಹಾಕುವುದಕ್ಕೆ ಅಡ್ಡಿ ಮಾಡಬಾರದು ಎಂದೂ ಹೇಳಿತು. 2023ರ ಮಾರ್ಚ್ 29ರಂದು ಆಯೋಗದ ಆದೇಶಗಳ ಮೇಲ್ಮನವಿ ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಆಯೋಗದ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ಆಪ್ ತೆಗೆಯುವ ನಿರ್ದೇಶನ ಆ ನಾಲ್ಕರಲ್ಲಿ ಒಂದು.

ಮರುದಿನದ ಪತ್ರಿಕೆಗಳನ್ನು ನೆನಪು ಮಾಡಿಕೊಳ್ಳಿ. ನಾನು ನೋಡಿದಲ್ಲೆಲ್ಲ ತಲೆಬರಹ ದಂಡದ್ದೇ. ಗೂಗಲ್‌ಗೆ ಹಿನ್ನಡೆ ಅಂತ ಓದಿ ನಾನೂ ಖುಷಿಪಟ್ಟಿದ್ದೆ. ನಮ್ಮ ಕೈಯಲ್ಲಿರುವ ಫೋನಿಗೆ ಸಂಬಂಧಪಟ್ಟ ಮಾತು ಕೊನೆಯ ಪ್ಯಾರಾದಲ್ಲಿತ್ತು. ಇದು ನನಗೆ ಈಗಲೂ ಸಂಕಟದ ವಿಷಯ.

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿ ಅಡಿಕೆಯ ಚೀಲ ಇಳಿಸಿ ಟೆಂಡರ್‌ಗೆ ಕಾದು ಕೂತವರಿಗೆ ಗೊತ್ತು, ದರ ಬರೆಯುವವರು ಹತ್ತು ಜನ ಇದ್ದರೆ ಒಂದು ಲೆಕ್ಕ, ಒಬ್ಬನೇ ಇದ್ದರೆ ಅವನು ಬರೆದದ್ದೇ ದರ. ಆ ಒಬ್ಬನಿಗೆ ಎಷ್ಟೇ ದಂಡ ಹಾಕಿ, ಇನ್ನೊಬ್ಬ ಖರೀದಿದಾರ ಒಳಗೆ ಬರುವ ದಾರಿ ತೆರೆಯದಿದ್ದರೆ ಬೆಳೆಗಾರನಿಗೆ ಕ್ವಿಂಟಲ್‌ಗೆ ಒಂದು ರೂಪಾಯಿ ಹೆಚ್ಚು ಸಿಗುವುದಿಲ್ಲ. ಆಯೋಗದ ದಂಡವೂ ಅಷ್ಟೇ, ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ. ನಮಗೆ ದಕ್ಕುವುದು ನಿರ್ದೇಶನಗಳಿಂದ ಮಾತ್ರ.

ಏನೂ ಆಗಲೇ ಇಲ್ಲ ಅಂತಲ್ಲ. 2023ರ ಜನವರಿಯಲ್ಲಿ ಗೂಗಲ್, ಫೋನ್ ತಯಾರಕರು ತನ್ನ ಆಪ್‌ಗಳನ್ನು ಗಂಟುಕಟ್ಟಿ ಅಲ್ಲದೆ ಬಿಡಿಬಿಡಿಯಾಗಿ ಪಡೆಯಬಹುದು, ಹೊಸ ಫೋನಿನಲ್ಲಿ ಹುಡುಕಾಟಕ್ಕೆ ಯಾವ ಸರ್ಚ್ ಎಂಜಿನ್ ಬೇಕೆಂದು ಬಳಕೆದಾರರೇ ಆರಿಸಬಹುದು ಎಂದು ಪ್ರಕಟಿಸಿತು. ಆಯೋಗ ಗಟ್ಟಿಯಾಗಿ ನಿಂತದ್ದಕ್ಕೆ ಸಿಕ್ಕಿದ್ದು ಇದು. ಅದಕ್ಕೆ ಗೌರವವಿದೆ.

ಇನ್ನೊಂದು ಮಾತು ಪತ್ರಿಕೆಯವರಿಗೆ. ದೊಡ್ಡ ಪತ್ರಿಕೆ, ಚಾನೆಲ್‌ಗಳ ಡಿಜಿಟಲ್ ವಿಭಾಗಗಳ ಕೂಟವಾದ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘ ಜಾಹೀರಾತು ಹಣದ ಹಂಚಿಕೆ ಬಗ್ಗೆ ಗೂಗಲ್ ಮೇಲೆ ದೂರು ಕೊಟ್ಟು, 2022ರ ಜನವರಿಯಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ಆ ದೂರು ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ. ಬರೆದವರ ಪಾಲು ಬರೆದವರಿಗೆ ಬರಬೇಕು. ಆದರೆ ಗೂಗಲ್ ವಿರುದ್ಧದ ಸುದ್ದಿ ಬರೆಯುವಾಗ 'ನಮ್ಮದೂ ಒಂದು ದೂರು ಅಲ್ಲಿದೆ' ಎಂಬ ಸಾಲನ್ನು ಓದುಗರಿಗೆ ಹೇಳಿಬಿಡಿ. ಮುಚ್ಚಿಟ್ಟರೆ ಅನುಮಾನ ಹುಟ್ಟುತ್ತದೆ, ಆ ಅನುಮಾನದ ಲಾಭ ಕಂಪನಿಗೇ ಹೋಗುತ್ತದೆ.

ಮತ್ತೆ, ದೆಹಲಿಯಿಂದ ಬಂದ ಸುದ್ದಿ ಅಂತ ಕೈತೊಳೆದುಕೊಳ್ಳಬೇಡಿ. ಶಿವಮೊಗ್ಗದ ದುರ್ಗಿಗುಡಿಯ ಯಾವುದಾದರೂ ಮೊಬೈಲ್ ಅಂಗಡಿಗೆ ಒಬ್ಬ ವರದಿಗಾರರನ್ನು ಕಳಿಸಿ. ಹೊಸ ಫೋನಿನ ಡಬ್ಬಿ ಬಿಚ್ಚಿಸಿ, ಆನ್ ಮಾಡಿಸಿ. ಸರ್ಚ್ ಎಂಜಿನ್ ಯಾವುದು ಬೇಕೆಂದು ಅದು ಕೇಳುತ್ತದಾ, ಎಷ್ಟು ಆಪ್ ಮೊದಲೇ ಇವೆ, ಅದರಲ್ಲಿ ಎಷ್ಟನ್ನು ತೆಗೆಯಲು ಬರುತ್ತದೆ, ಎಣಿಸಿ ಬರೆಯಿರಿ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಾರೆ.