ಅಪ್ಪನಿಗೆ ಹೇಳು, ಚಹಾ ಆರ್ತಾ ಇದೆ

ಹೋದ ಭಾನುವಾರ ಒಬ್ಬ ಹುಡುಗಿಯ ಜಾತಕ ಹಿಡಿದು ಮುಂಬೈ ಹತ್ತಿರದ ಡೊಂಬಿವಲಿಗೆ, ಹುಡುಗನ ಮನೆಗೆ ಹೋಗಿದ್ದೆ. 36ಕ್ಕೆ 28 ಗುಣ ಕೂಡಿ ಬಂದಿತ್ತು. ಆದರೂ ಹುಡುಗನ ತಾಯಿ ಮುಖ ಸಣ್ಣದು ಮಾಡಿದರು. "ಹುಡುಗಿಯ ಅಪ್ಪ ಅಮ್ಮ ಡಿವೋರ್ಸಂತಲ್ಲ ಅಣ್ಣ? ಅಂಥ ಮನೆಯ ಮಕ್ಕಳಿಗೆ ಗಂಡನ ಹತ್ತಿರ ಮಾತಾಡಲಿಕ್ಕೇ ಬರುವುದಿಲ್ಲ."

ಹಾಗೆಂದವರೇ ಮಗನ ಕಡೆ ತಿರುಗಿದರು. "ಅಪ್ಪನಿಗೆ ಹೇಳು, ಚಹಾ ಆರ್ತಾ ಇದೆ."

ಅಪ್ಪ ಕೂತಿದ್ದು ಮೂರಡಿ ದೂರದಲ್ಲಿ. ಪೇಪರಿನ ಹಿಂದಿನಿಂದ ಉತ್ತರ ಬಂತು: "ಅಮ್ಮನಿಗೆ ಹೇಳು, ಸಕ್ಕರೆ ಜಾಸ್ತಿ." ಲೋಟ ಇನ್ನೂ ಮುಟ್ಟಿರಲಿಲ್ಲ.

ಅವರದು ಮೂವತ್ತೈದು ವರ್ಷದ ದಾಂಪತ್ಯ. ಒನ್ ಬಿಎಚ್‌ಕೆ ಮನೆ. ಜಗಳ ಆಡಿ ಎದ್ದು ಹೋಗೋಣ ಅಂದರೆ ಇನ್ನೊಂದು ರೂಮಿಲ್ಲ. ಮಾತು ಬಿಡುವುದೇ ಸುಲಭ, ಅಲ್ವಾ? ಮಗ ಐದನೇ ವಯಸ್ಸಿನಿಂದ ಪೋಸ್ಟ್‌ಮ್ಯಾನ್. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ 13ಬಿ ಕಲಂ ಸೇರಿ, ಪರಸ್ಪರ ಒಪ್ಪಿಗೆಯ ಡಿವೋರ್ಸ್ ಬಂತು. ಆದರೆ ಇವರು ಯಾವುದಕ್ಕೂ ಒಪ್ಪುವವರಲ್ಲ. ಹಾಗಾಗಿ ಸಂಸಾರ ಗಟ್ಟಿ ಉಳಿದಿದೆ.

ಸಂಬಂಧ ಕೆಡುವ ಲಕ್ಷಣ ನಾಲ್ಕು ಅನ್ನುತ್ತಾರೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್: ಚುಚ್ಚುಮಾತು, ತಾತ್ಸಾರ, 'ನನ್ನದೇನೂ ತಪ್ಪಿಲ್ಲ' ಎಂಬ ವಾದ, ಗೋಡೆಯಂಥ ಮೌನ. ಈ ಮನೆಯಲ್ಲಿ ನಾಲ್ಕೂ ಸಿಗುತ್ತವೆ. ನಾಲ್ಕನೆಯದಕ್ಕೆ ನಮ್ಮವರು 'ಹೊಂದಾಣಿಕೆ' ಅಂತ ಹೆಸರಿಟ್ಟಿದ್ದಾರೆ, ಅಷ್ಟೇ.

ಹುಡುಗಿಗೆ ಪೆಟ್ಟು ಬಿದ್ದಿಲ್ಲ ಅನ್ನುತ್ತಿಲ್ಲ. ಬಾಂದ್ರಾದ ಫ್ಯಾಮಿಲಿ ಕೋರ್ಟಿನ ಬೆಂಚಿನಲ್ಲಿ ಕೂತು ಹೋಂವರ್ಕ್ ಮಾಡಿದವಳು ಅವಳು. ಯಾರಾದರೂ 'ಆಮೇಲೆ ಮಾತಾಡೋಣ' ಅಂದರೆ ಈಗಲೂ ಎದೆ ಧಸಕ್ ಅನ್ನುತ್ತದಂತೆ. ಸಣ್ಣ ಜಗಳವಾದರೂ ಎಲ್ಲಾ ಮುಗಿಯಿತು ಅನಿಸಿ, ತಪ್ಪಿಲ್ಲದಿದ್ದರೂ ಮೊದಲು ಸಾರಿ ಕೇಳುತ್ತಾಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅವಳೇ, ಕಾಫಿ ಕುಡಿಯುತ್ತಾ, ನೆಟ್ಟಗೆ ಮುಖ ನೋಡಿ. ಮಾತು ಬಾರದವಳು ನೋಡಿ!

ಡಿವೋರ್ಸ್ ಬೇಕು ಅಂದವರನ್ನು ಫ್ಯಾಮಿಲಿ ಕೋರ್ಟು ಕೌನ್ಸೆಲರ್ ಹತ್ತಿರ ಕಳಿಸುತ್ತದೆ. ಅಲ್ಲಿ ಎದುರುಬದುರು ಕೂತು ನಾಲ್ಕು ಮಾತಾದರೂ ಆಡಬೇಕು. ಬೇಡ ಅಂದವರಿಗೆ ಆ ಕಾಟವಿಲ್ಲ.

"ಡಿವೋರ್ಸಿನ ಮನೆ ಬೇಡ ಅಣ್ಣ," ಅಂತ ತಾಯಿ ಜಾತಕ ವಾಪಸ್ ಕೊಟ್ಟರು. ತಂದೆಯ ಅಭಿಪ್ರಾಯ ಏನೋ, ಮಗ ಅದನ್ನು ತಂದು ಮುಟ್ಟಿಸಲಿಲ್ಲ.

ಚಪ್ಪಲಿ ಹಾಕಿಕೊಂಡು ಇಳಿಯುತ್ತಿದ್ದೆ. ಹುಡುಗ ಹಿಂದೆಯೇ ಮೆಟ್ಟಿಲಿಗೆ ಓಡಿ ಬಂದ. ದನಿ ತಗ್ಗಿಸಿ ಹೇಳಿದ: "ಮಾಮ, ನಂಗೆ ಹುಡುಗಿ ಇಷ್ಟ ಆಗಿದ್ದಾಳೆ. ಒಂದು ಉಪಕಾರ ಮಾಡ್ತೀರಾ? ಅಮ್ಮನಿಗೆ ನೀವೇ ಹೇಳಿ. ಹಾಗೇ... ಅವಳಿಗೂ."